ಸಿಂಪಡಿಸುವವರ ಶ್ವಾಸಕೋಶವೂ ಕಫ ರಕ್ತಗಳಲ್ಲಿರುವ ತಾಮ್ರವೂ

ಮಲೆನಾಡಿನ ಮತ್ತು ಕರಾವಳಿಯ ಅಡಕೆ ತೋಟಗಾರರಿಗೆ ಕೊಳೆರೋಗದ ಪರಿಚಯವನ್ನು ಮಾಡಿಕೊಡಬೇಕಾದ ಅಗತ್ಯವಿಲ್ಲ. ಮುಂಗಾರು ಮಳೆಯು ಬಿಡದೆ ಹಿಡಿದ ದಿನಗಳಲ್ಲಿ ಎಳೆಯ ಕಾಯಿಗಳ ಮೇಲೆ ನೀರು ನೆನೆದಂತಹ ಕಲೆಗಳು ಮೂಡಿ, ಕಾಯಿಗಳು ಕೊಳೆತು ಉದುರಿ, ವರ್ಷದ ಫಸಲೇ ಮರದ ಬುಡ ಸೇರುವುದನ್ನು ಅವರು ತಲೆತಲಾಂತರದಿಂದ ಕಂಡಿರುವರು. ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ನೀರನ್ನು ತಡೆಯುವುದೊಂದೇ ಉಪಾಯವಾಗಿದ್ದಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಈ ರೋಗಕ್ಕೆ ಮೂಲವಾದ ಬೂಷ್ಟನ್ನು ಪರಿಶೀಲಿಸಿ 1910ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಮೈಲುತುತ್ತ ಮತ್ತು ಸುಣ್ಣಗಳನ್ನು ಕೂಡಿಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವು ತೋಟದಿಂದ ತೋಟಕ್ಕೆ ಹಬ್ಬಿತು. ಇಂದಿಗೂ ಮಳೆಗಾಲಕ್ಕೆ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಗಳ ತರುವಾಯ ಮತ್ತೊಂದು ಸಲ, ಇದೇ ದ್ರಾವಣವನ್ನು ಹೊಡೆಯುವುದು ರೂಢಿಯಲ್ಲಿದೆ.

ಈ ದ್ರಾವಣದಿಂದ ಮರಕ್ಕೂ ಫಸಲಿಗೂ ಆಗುವ ಉಪಕಾರವು ನಿರ್ವಿವಾದವಾದುದು. ಆದರೆ ವರ್ಷ ವರ್ಷವೂ ಅದನ್ನು ಸಿಂಪಡಿಸುವ ಮನುಷ್ಯನ ಗತಿಯೇನು? ಅವನು ಉಸಿರಿನೊಡನೆ ಒಳಕ್ಕೆಳೆದುಕೊಂಡ ತಾಮ್ರವು ಎಲ್ಲಿಗೆ ಹೋಗುವುದು? ಅವನಿಗೆ ಕೆಮ್ಮು ಹತ್ತಿದರೆ, ಅದಕ್ಕೆ ತಾಮ್ರವೇ ಕಾರಣವೋ ಬೇರೆ ರೋಗವಿದೆಯೋ ಎಂಬುದನ್ನು ಅವನ ಕಫದಿಂದಲೂ ರಕ್ತದಿಂದಲೂ ತಿಳಿಯಬಹುದೇ? ಈ ಪ್ರಶ್ನೆಗಳಿಗೆ ವೈದ್ಯಶಾಸ್ತ್ರವು ಕೊಟ್ಟಿರುವ ಉತ್ತರವನ್ನು ತೋಟದ ಯಜಮಾನರೂ ಸಿಂಪಡಿಸುವ ಕೆಲಸಗಾರರೂ ತಿಳಿದಿರುವುದು ಹಿತಕರ.

ದ್ರಾವಣದಲ್ಲಿ ಅಡಗಿರುವ ತಾಮ್ರದ ಪ್ರಮಾಣ

ತಾಮ್ರವು ಸ್ವತಃ ವಿಷವೆಂದು ಭಾವಿಸತಕ್ಕದ್ದಲ್ಲ. ಮನುಷ್ಯನ ದೇಹಕ್ಕೆ ಅದು ಅತ್ಯಲ್ಪ ಪ್ರಮಾಣದಲ್ಲಿ ಬೇಕೇ ಬೇಕು. ದವಸ ಧಾನ್ಯಗಳ ಮೂಲಕವೂ ಕಾಳುಗಳ ಮೂಲಕವೂ ನಿತ್ಯವೂ ಅದು ಹೊಟ್ಟೆಗೆ ಸೇರುತ್ತಿರುವುದು. ಹೀಗಿದ್ದರೂ ಪ್ರಾಯಕ್ಕೆ ಬಂದ ಮನುಷ್ಯನ ಇಡೀ ದೇಹದಲ್ಲಿರುವ ತಾಮ್ರವು ಸುಮಾರು 100 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ ಮಾತ್ರ. ರಕ್ತದ ತಿಳಿಭಾಗದ ಒಂದು ಲೀಟರಿನಲ್ಲಿ ಸುಮಾರು 1 ಮಿಲಿಗ್ರಾಂ ತಾಮ್ರವಿರುವುದು. ಹತ್ತು ಲಕ್ಷ ಭಾಗಗಳಲ್ಲಿ ಒಂದು ಭಾಗವೆಂದು ಇದನ್ನು ಹೇಳಬಹುದು. ಆದುದರಿಂದಲೇ ಇಂತಹ ಲೋಹಗಳನ್ನು ಅಲ್ಪಾಂಶ ಲೋಹಗಳೆಂದು ಕರೆಯುವರು.

ಈಗ ದ್ರಾವಣದ ಲೆಕ್ಕವನ್ನು ನೋಡಬಹುದು. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರು ನೀರು, 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ ಬೇಕಾಗುವುದು. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲು ಭಾಗವು ತಾಮ್ರವೇ ಆಗಿರುವುದರಿಂದ, 100 ಲೀಟರಿನಲ್ಲಿ 250 ಗ್ರಾಂ, ಒಂದು ಲೀಟರಿನಲ್ಲಿ ಎರಡೂವರೆ ಗ್ರಾಂ ತಾಮ್ರವಿರುವಂತಾಯಿತು. ಹಾಗಾದರೆ ಮನುಷ್ಯನ ಇಡೀ ದೇಹದಲ್ಲಿರುವಷ್ಟು ತಾಮ್ರವು ಕೇವಲ 40 ಮಿಲಿಲೀಟರು ದ್ರಾವಣದಲ್ಲಿ ಅಡಗಿದೆ. ಸಿಂಪಡಿಸುವವನು ಇದರಲ್ಲಿ ಲೇಶಮಾತ್ರವನ್ನು ಉಸಿರಿನೊಡನೆ ಎಳೆದುಕೊಳ್ಳುವನೆಂಬುದು ನಿಜ. ಆದರೆ ಆ ಲೇಶವು ದಿನಗಟ್ಟಲೆ, ವರ್ಷಗಟ್ಟಲೆ ಸೇರುತ್ತ ಹೋಗುವುದೆಂಬುದನ್ನು ಮರೆಯಲಾಗದು.

ಹನಿಗಳ ಗಾತ್ರವೂ ಇಲ್ಲಿ ಮುಖ್ಯವಾದುದು. ದಪ್ಪ ಹನಿಗಳು ಮೂಗು ಗಂಟಲುಗಳಲ್ಲಿಯೇ ತಡೆದು ನಿಂತು, ಸಿಂಬಳದೊಡನೆಯೋ ಉಗುಳಿನೊಡನೆಯೋ ಹೊರಬೀಳುವುವು. ಒಂದು ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗಕ್ಕಿಂತಲೂ ಸಣ್ಣವಾದ ಹನಿಗಳು ಮಾತ್ರ ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಸಾಗಬಲ್ಲವು. ಒತ್ತಡವು ಹೆಚ್ಚಿದಷ್ಟೂ, ಮೂತಿಯ ರಂಧ್ರವು ಕಿರಿದಾದಷ್ಟೂ ಇಂತಹ ಸೂಕ್ಷ್ಮ ಹನಿಗಳು ಹೆಚ್ಚುವುವು. ಗಾಳಿಯಲ್ಲಿ ತೇಲುವಾಗಲೇ ಹನಿಯ ನೀರು ಆರಿದರೆ ಉಳಿಯುವ ಕಣವು ಮತ್ತಷ್ಟು ಸೂಕ್ಷ್ಮವಾಗುವುದು.

ಪೋರ್ಚುಗಲ್ ದೇಶದಲ್ಲಿ ಕಂಡ ರೋಗ

ಬೋರ್ಡೋ ದ್ರಾವಣವು ಹುಟ್ಟಿದುದು ದ್ರಾಕ್ಷಿಯ ತೋಟದಲ್ಲಿ. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ, ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ರಸ್ತೆಯ ಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳನ್ನು ಎರಚಿದ್ದರು. ಆ ಬಳ್ಳಿಗಳು ಮಾತ್ರ ಬೂಷ್ಟುರೋಗಕ್ಕೆ ತುತ್ತಾಗದೆ ಉಳಿದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ, 1885ರಲ್ಲಿ ಈ ಮಿಶ್ರಣವನ್ನು ಲೋಕಕ್ಕೆ ತಿಳಿಸಿದರು. ಯೂರೋಪಿನ ದ್ರಾಕ್ಷಿ ಬೆಳೆಗಾರರೆಲ್ಲರೂ ಅದನ್ನು ಕೈಗೊಂಡರು. ಅದರಿಂದ ಮನುಷ್ಯನಿಗೆ ಆಗಬಹುದಾದ ಅಪಾಯವು ಮೊದಲು ಸ್ಪಷ್ಟವಾಗಿ ಬೆಳಕಿಗೆ ಬಂದುದು ಎಂಬತ್ತನಾಲ್ಕು ವರ್ಷಗಳ ಮೇಲೆ.

1969ರಲ್ಲಿ ಪಿಮೆಂಟೆಲ್ ಮತ್ತು ಮಾರ್ಕೆಸ್ ಎಂಬ ಪೋರ್ಚುಗಲಿನ ಇಬ್ಬರು ವೈದ್ಯರು, ದ್ರಾಕ್ಷಿ ತೋಟಗಳಿಗೆ ಸಿಂಪಡಿಸುತ್ತಿದ್ದ ಇಬ್ಬರು ಗ್ರಾಮಸ್ಥರ ಶ್ವಾಸಕೋಶದ ರೋಗವನ್ನು ವರ್ಣಿಸಿದರು. ಅವರ ಶ್ವಾಸಕೋಶದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಸಣ್ಣ ಸಣ್ಣ ಗಂಟುಗಳೂ, ಆ ಗಂಟುಗಳೊಳಗೆ ತಾಮ್ರದ ಕಣಗಳೂ ಕಂಡುಬಂದುವು. ಕೆಲವು ಗಂಟುಗಳು ಮಾಗಿ ನಾರಿನಂತೆ ಗಡುಸಾಗಿ, ಕಲ್ಲುಗಣಿಯ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗದ ಗಂಟುಗಳನ್ನು ಹೋಲುತ್ತಿದ್ದುವು. ಇದು ತಾಮ್ರದ ಕೆಲಸವೇ ಎಂಬುದನ್ನು ನಿಶ್ಚಯಿಸಲು ಅವರು ಗಿನಿಯಿಲಿಗಳಿಗೆ ಬೋರ್ಡೋ ದ್ರಾವಣದ ಹನಿಗಳನ್ನು ಉಸಿರಾಡಿಸಿದರು. ಆ ಪ್ರಾಣಿಗಳ ಶ್ವಾಸಕೋಶದಲ್ಲಿಯೂ ಅಂತಹುದೇ ವಿಕಾರಗಳು ಹುಟ್ಟಿದುವು. ಈ ರೋಗಕ್ಕೆ ‘ದ್ರಾಕ್ಷಿ ತೋಟ ಸಿಂಪಡಿಸುವವರ ಶ್ವಾಸಕೋಶ’ ಎಂಬ ಹೆಸರು ನಿಂತಿತು. 1977ರಲ್ಲಿ ಇಂತಹ ಕೆಲಸಗಾರರ ಪಿತ್ತಜನಕಾಂಗದಲ್ಲಿಯೂ ತಾಮ್ರದಿಂದ ಕೂಡಿದ ಗಂಟುಗಳನ್ನು ವರ್ಣಿಸಲಾಯಿತು.

ಪೋರ್ಚುಗಲಿನಲ್ಲಿ ಬಳಸುತ್ತಿದ್ದ ದ್ರಾವಣವೂ ಸುಣ್ಣದಿಂದ ಸಮಮಾಡಿದ್ದೇ ಆಗಿದ್ದಿತೆಂಬುದು ಗಮನಾರ್ಹವಾದುದು. ಸುಣ್ಣವನ್ನು ಸರಿಯಾಗಿ ಬೆರೆಸಿದರೆ ದ್ರಾವಣದ ಉರಿಯುವ ಗುಣವು ಅಡಗುವುದೇ ಹೊರತು, ಅದರಲ್ಲಿನ ತಾಮ್ರವು ಇಲ್ಲವಾಗುವುದಿಲ್ಲ. ಕಣ್ಣಿಗೂ ಮೂಗಿಗೂ ಉರಿಯಿಲ್ಲವೆಂದ ಮಾತ್ರಕ್ಕೆ ಶ್ವಾಸಕೋಶಕ್ಕೆ ಏನೂ ಸೇರಲಿಲ್ಲವೆಂದು ತಿಳಿಯಕೂಡದು.

ದ್ರಾಕ್ಷಿಯ ತೋಟದಲ್ಲಿ ಕಂಡುದನ್ನು ಅಡಕೆಯ ತೋಟಕ್ಕೆ ಇದ್ದಕ್ಕಿದ್ದಂತೆ ಅನ್ವಯಿಸುವುದೂ ಸರಿಯಲ್ಲ. ದ್ರಾಕ್ಷಿಯ ಬಳ್ಳಿಯು ಮನುಷ್ಯನ ಎದೆಯ ಮಟ್ಟದಲ್ಲಿರುವುದು. ಅಡಕೆಯ ಗೊನೆಯು ಮರದ ತುದಿಯಲ್ಲಿ. ಮರವನ್ನೇರಿ ಗೊನೆಗೆ ಹೊಡೆಯುವವನ ಮುಖವು ಗೊನೆಗೆ ತೀರ ಸಮೀಪವಾಗಿರುವುದು. ನೆಲದ ಮೇಲೆ ನಿಂತು ಉದ್ದವಾದ ದೋಟಿಯಿಂದ ಹೊಡೆಯುವವನು ಮುಖವನ್ನು ಮೇಲಕ್ಕೆತ್ತಿಕೊಂಡು, ಕೆಳಗಿಳಿಯುವ ತುಂತುರಿನ ಅಡಿಯಲ್ಲಿಯೇ ನಿಂತಿರುವನು. ಕೆಲಸದ ರೀತಿ ಬೇರೆಯಾದರೂ ದ್ರಾವಣವು ಒಂದೇ, ಶ್ವಾಸಕೋಶವೂ ಒಂದೇ ಬಗೆಯದು. ಎಚ್ಚರಿಕೆಗೆ ಇಷ್ಟು ಕಾರಣವು ಸಾಕು. ಕಾಫಿ, ಮೆಣಸು, ದ್ರಾಕ್ಷಿಗಳಿಗೆ ಈ ದ್ರಾವಣವನ್ನು ಹೊಡೆಯುವವರಿಗೂ ಇದೇ ಮಾತು ಸಲ್ಲುವುದು.

ಕಫವು ನುಡಿಯುವ ಸಾಕ್ಷ್ಯ

ಶ್ವಾಸಕೋಶದ ಚೂರನ್ನು ತೆಗೆದು ನೋಡುವುದು ಸುಲಭವಾದ ಕೆಲಸವಲ್ಲ. ಆದರೆ ಕಫವನ್ನು ಪರೀಕ್ಷಿಸುವುದು ಸುಲಭ. ಶ್ವಾಸಕೋಶದೊಳಗೆ ಕಸವನ್ನು ಗುಡಿಸುವ ಒಂದು ಬಗೆಯ ಜೀವಕಣಗಳುಂಟು. ಧೂಳಾಗಲಿ ಕ್ರಿಮಿಯಾಗಲಿ ಒಳಗೆ ಬಂದರೆ ಇವು ಅದನ್ನು ನುಂಗುವುವು. ಹೀಗೆ ನುಂಗಿದ ಕಣಗಳಲ್ಲಿ ಕೆಲವು ಕಫದೊಡನೆ ಮೇಲಕ್ಕೆ ಬರುವುವು. ತಾಮ್ರವನ್ನು ನುಂಗಿದ ಜೀವಕಣಗಳಿದ್ದರೆ ಅವಕ್ಕೆ ತಕ್ಕ ಬಣ್ಣಹಾಕಿ ಗುರುತಿಸಬಹುದು. ಉದಾಹರಣೆಗೆ ರುಬಿಯಾನಿಕ್ ಆಮ್ಲವು ತಾಮ್ರದೊಡನೆ ಕೂಡಿ ಹಸಿರುಮಿಶ್ರಿತ ಕಪ್ಪು ಬಣ್ಣವನ್ನು ಕೊಡುವುದು.

ಅಂದಿನ ಯುಗೋಸ್ಲಾವಿಯಾ ದೇಶದಲ್ಲಿ ದ್ರಾಕ್ಷಿಗೆ ಸಿಂಪಡಿಸುವ ಗ್ರಾಮಸ್ಥರ ಕಫವನ್ನೂ, ಸಿಂಪಡಿಸುವ ಕೆಲಸವಿಲ್ಲದವರ ಕಫವನ್ನೂ ಹೋಲಿಸಿ ನೋಡಿದ ಪರಿಶೀಲನೆಯೊಂದು 1985ರಲ್ಲಿ ಪ್ರಕಟವಾಯಿತು. ಸಿಂಪಡಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕಫದಲ್ಲಿ ತಾಮ್ರವನ್ನು ನುಂಗಿದ ಜೀವಕಣಗಳು ಕಂಡುವು. ಮಿಕ್ಕವರ ಗುಂಪಿನಲ್ಲಿ ಅವು ಕಾಣಲಿಲ್ಲ. ಕಫವು ಇಷ್ಟು ನೇರವಾದ ಸಾಕ್ಷ್ಯವನ್ನು ನುಡಿಯುವುದು: ಈ ಮನುಷ್ಯನ ಶ್ವಾಸಕೋಶವನ್ನು ತಾಮ್ರವು ಹೊಕ್ಕಿದೆ.

ಆದರೆ ಈ ಸಾಕ್ಷ್ಯದ ಮಿತಿಯನ್ನೂ ಅರಿತಿರಬೇಕು. ತಾಮ್ರವು ಹೊಕ್ಕಿತೆಂಬುದು ಒಂದು ಮಾತು. ಅದರಿಂದ ರೋಗ ಬಂದಿತೆಂಬುದು ಮತ್ತೊಂದು ಮಾತು. ಕಫದಲ್ಲಿ ತಾಮ್ರವಿದ್ದವರೆಲ್ಲರೂ ರೋಗಿಗಳಲ್ಲ. ರೋಗವುಂಟೋ ಇಲ್ಲವೋ ಎಂಬುದನ್ನು ಕ್ಷಕಿರಣದ ಚಿತ್ರ, ಉಸಿರಿನ ಬಲದ ಅಳತೆ, ವೈದ್ಯರ ಪರೀಕ್ಷೆ, ಇವೆಲ್ಲವನ್ನೂ ಕೂಡಿಸಿ ತೀರ್ಮಾನಿಸಬೇಕಾಗುವುದು.

ರಕ್ತದ ತಾಮ್ರವು ಹೇಳುವುದೇ ಬೇರೆ

ಕಫಕ್ಕಿಂತ ರಕ್ತವೇ ಮೇಲಾದ ಸಾಕ್ಷಿಯೆಂದು ಸಾಮಾನ್ಯರು ಭಾವಿಸುವುದುಂಟು. ತಾಮ್ರದ ವಿಷಯದಲ್ಲಿ ಹಾಗಲ್ಲ. ರಕ್ತದ ತಿಳಿಭಾಗದಲ್ಲಿರುವ ತಾಮ್ರದ ಬಹುಭಾಗವು ಸೆರುಲೋಪ್ಲಾಸ್ಮಿನ್ ಎಂಬ ನೀಲಿಬಣ್ಣದ ಸಸಾರಜನಕ ವಸ್ತುವಿನೊಡನೆ ಸೇರಿಕೊಂಡಿರುವುದು. ಇದನ್ನು 1948ರಲ್ಲಿ ಸ್ವೀಡನ್ ದೇಶದ ಹಾಲ್ಮ್‌ಬರ್ಗ್ ಮತ್ತು ಲಾರೆಲ್ ಎಂಬವರು ಬೇರ್ಪಡಿಸಿ ವರ್ಣಿಸಿದರು. ಇದು ತಯಾರಾಗುವುದು ಪಿತ್ತಜನಕಾಂಗದಲ್ಲಿ. ದೇಹದ ಯಾವ ಭಾಗದಲ್ಲಿಯೇ ಆಗಲಿ ಸೋಂಕು ಅಥವಾ ಊತವುಂಟಾದರೆ ಪಿತ್ತಜನಕಾಂಗವು ಈ ವಸ್ತುವನ್ನು ಹೆಚ್ಚಾಗಿ ಉತ್ಪತ್ತಿಮಾಡುವುದು. ಆಗ ರಕ್ತದ ತಾಮ್ರವೂ ಏರುವುದು. ಇದೇ ಸಮಯದಲ್ಲಿ ಪಿತ್ತಜನಕಾಂಗವು ಸತುವನ್ನು ತನ್ನೊಳಕ್ಕೆ ಎಳೆದುಕೊಳ್ಳುವುದರಿಂದ ರಕ್ತದ ಸತುವು ಇಳಿಯುವುದು.

ಕ್ಷಯರೋಗದಲ್ಲಿ ಆಗುವುದೂ ಇದೇ. ಚಿಕಿತ್ಸೆ ಪಡೆಯದ ಕ್ಷಯರೋಗಿಗಳ ರಕ್ತದಲ್ಲಿ ತಾಮ್ರವು ಹೆಚ್ಚಾಗಿಯೂ ಸತುವು ಕಡಮೆಯಾಗಿಯೂ ಇರುವುದನ್ನು ಹಲವು ದೇಶಗಳಲ್ಲಿ ಕಂಡಿರುವರು. ತಾಮ್ರಕ್ಕೂ ಸತುವಿಗೂ ಇರುವ ಪ್ರಮಾಣವನ್ನು ಲೆಕ್ಕಹಾಕಿದರೆ ಈ ವ್ಯತ್ಯಾಸವು ಇನ್ನೂ ಸ್ಪಷ್ಟವಾಗುವುದು. ಔಷಧಿಯು ನಾಟಿ ರೋಗವು ಹಿಮ್ಮೆಟ್ಟಿದಂತೆಲ್ಲ ಈ ಪ್ರಮಾಣವು ಸಹಜ ಸ್ಥಿತಿಯ ಕಡೆಗೆ ಮರಳುವುದು. ಹೀಗೆ ರಕ್ತದ ಲೋಹಗಳು ರೋಗದ ಏರಿಳಿತವನ್ನು ತೋರಿಸುವ ಸೂಚಕಗಳಾಗಬಲ್ಲವು.

ಆದರೆ ಅವು ರೋಗದ ಹೆಸರನ್ನು ಹೇಳಲಾರವು. ನ್ಯುಮೋನಿಯಾದಲ್ಲಿಯೂ, ಕೀಲುಗಳ ಊತದಲ್ಲಿಯೂ, ಕೆಲವು ಬಗೆಯ ಹುಣ್ಣುಗಳಲ್ಲಿಯೂ ತಾಮ್ರವು ಏರುವುದುಂಟು. ಗರ್ಭಿಣಿಯರ ರಕ್ತದಲ್ಲಿ ಯಾವ ರೋಗವೂ ಇಲ್ಲದೆಯೇ ಅದು ಬಹಳ ಹೆಚ್ಚಾಗಿರುವುದು. ಆದುದರಿಂದ ಸಿಂಪಡಿಸುವ ಕೆಲಸಗಾರನ ರಕ್ತದಲ್ಲಿ ತಾಮ್ರವು ಹೆಚ್ಚಾಗಿದೆಯೆಂದು ಕಂಡ ಕೂಡಲೆ, ಅದು ಬೋರ್ಡೋ ದ್ರಾವಣದ ತಾಮ್ರವೆಂದು ನಿರ್ಣಯಿಸುವುದು ದೊಡ್ಡ ತಪ್ಪಾದೀತು. ಅದು ಅವನ ದೇಹವೇ ರೋಗದೊಡನೆ ಹೋರಾಡುವಾಗ ಹೊರತಂದ ತಾಮ್ರವಾಗಿರಬಹುದು. ಆ ರೋಗವು ಕ್ಷಯವೇ ಆಗಿದ್ದರೆ, ತಾಮ್ರದ ಮೇಲೆ ತಪ್ಪು ಹೊರಿಸಿ ಕಾಲಹರಣ ಮಾಡುವುದರಿಂದ ರೋಗಿಯ ಪ್ರಾಣಕ್ಕೂ ಮನೆಯವರ ಆರೋಗ್ಯಕ್ಕೂ ಕೇಡುಂಟು. ಕ್ಷಯದ ನಿರ್ಣಯಕ್ಕೆ ಕಫದಲ್ಲಿ ಆ ರೋಗದ ಕ್ರಿಮಿಯನ್ನು ಹುಡುಕುವುದೇ ಮಾರ್ಗ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಕ್ಷಕಿರಣದ ಚಿತ್ರದಲ್ಲಿ ಸಣ್ಣ ಗಂಟುಗಳ ನೆರಳನ್ನು ಕಂಡು ಕ್ಷಯವೆಂದು ಎಣಿಸಿ ಔಷಧಿ ಕೊಟ್ಟರೂ ಗುಣ ಕಾಣದಿದ್ದಾಗ, ರೋಗಿಯು ಇಪ್ಪತ್ತು ವರ್ಷಗಳಿಂದ ಮೈಲುತುತ್ತದ ದ್ರಾವಣವನ್ನು ಹೊಡೆಯುತ್ತಿದ್ದನೆಂಬ ಸಂಗತಿಯೇ ವೈದ್ಯರಿಗೆ ತಿಳಿಯದೆ ಹೋಗಬಹುದು. ರೋಗಿಯೇ ಅದನ್ನು ಹೇಳದಿದ್ದರೆ ಯಾವ ಪರೀಕ್ಷೆಯೂ ತಾನಾಗಿ ಅದನ್ನು ಹೇಳದು.

ಹೊಗೆಸೊಪ್ಪು ಮತ್ತು ಕ್ಯಾಡ್ಮಿಯಂ

ಯಾವ ಲೋಹಕ್ಕೆ ಯಾವ ದ್ರವವು ಸಾಕ್ಷಿಯೆಂಬುದು ಲೋಹದಿಂದ ಲೋಹಕ್ಕೆ ಬೇರೆಯಾಗುವುದು. ಇದಕ್ಕೆ ಕ್ಯಾಡ್ಮಿಯಂ ಒಳ್ಳೆಯ ನಿದರ್ಶನ. ಈ ಲೋಹವು ಅನೇಕ ಮಣ್ಣುಗಳಲ್ಲಿ ಲೇಶಮಾತ್ರವಾಗಿರುವುದು. ಕೆಲವು ರಂಜಕದ ಗೊಬ್ಬರಗಳೊಡನೆಯೂ ಅದು ಹೊಲಕ್ಕೆ ಬರುವುದು. ಹೊಗೆಸೊಪ್ಪಿನ ಗಿಡವು ಅದನ್ನು ಬೇರಿನಿಂದ ಹೀರಿ ಎಲೆಗಳಲ್ಲಿ ಕೂಡಿಡುವ ಸ್ವಭಾವದ್ದು. ಬೀಡಿ ಸಿಗರೇಟುಗಳನ್ನು ಸೇದುವವನ ಶ್ವಾಸಕೋಶಕ್ಕೆ ಹೊಗೆಯ ಮೂಲಕ ಅದು ಸೇರುವುದು. ಸೇದುವವರ ರಕ್ತದಲ್ಲಿ ಸೇದದವರಿಗಿಂತ ಹಲವು ಪಟ್ಟು ಹೆಚ್ಚು ಕ್ಯಾಡ್ಮಿಯಂ ಇರುವುದು. ಕಾರ್ಖಾನೆಗಳಲ್ಲಿ ಇದರ ಹೊಗೆಯನ್ನು ಬಹುಕಾಲ ಉಸಿರಾಡಿದವರಿಗೆ ಗಾಳಿಗೂಡುಗಳು ಹಿಗ್ಗಿ ಹರಿದು ಏದುಸಿರು ಬರುವ ರೋಗವು ಕಂಡುಬಂದಿರುವುದು.

ರಕ್ತದ ಕ್ಯಾಡ್ಮಿಯಂ ಮುಖ್ಯವಾಗಿ ಇತ್ತೀಚಿನ ತಿಂಗಳುಗಳಲ್ಲಿ ಒಳಸೇರಿದುದನ್ನು ತೋರಿಸುವುದು. ಮೂತ್ರದ ಕ್ಯಾಡ್ಮಿಯಂ ಆಯುಷ್ಯವೆಲ್ಲ ಮೂತ್ರಪಿಂಡದಲ್ಲಿ ಕೂಡಿದುದನ್ನು ತೋರಿಸುವುದು. ಒಂದನ್ನು ರೈತನ ಈ ವರ್ಷದ ಖರ್ಚಿನ ಪಟ್ಟಿಗೂ, ಮತ್ತೊಂದನ್ನು ಹಳೆಯ ಸಾಲದ ಲೆಕ್ಕಕ್ಕೂ ಹೋಲಿಸಬಹುದು. ಈ ಲೋಹವು ಒಮ್ಮೆ ಸೇರಿದರೆ ದೇಹವನ್ನು ಬಿಡಲು ಹತ್ತಾರು ವರ್ಷಗಳು ಬೇಕಾಗುವುದು. ಸಿಂಪಡಿಸುವವನು ಬೀಡಿಯನ್ನೂ ಸೇದುವವನಾದರೆ ಒಂದೇ ಶ್ವಾಸಕೋಶಕ್ಕೆ ಎರಡು ಭಾರಗಳನ್ನು ಹೊರಿಸಿದಂತಾಗುವುದು. ಅವನ ಕೆಮ್ಮಿನಲ್ಲಿ ತಾಮ್ರದ ಪಾಲೆಷ್ಟು, ಹೊಗೆಯ ಪಾಲೆಷ್ಟು ಎಂದು ಬೇರ್ಪಡಿಸುವುದೂ ವೈದ್ಯರಿಗೆ ಕಷ್ಟವಾಗುವುದು.

ಉಸಿರನ್ನೇ ತಣಿಸಿ ನೋಡುವ ಕ್ರಮ

ಚಳಿಗಾಲದ ಬೆಳಗಿನಲ್ಲಿ ಬಾಯಿಂದ ಹಬೆಯೇಳುವುದನ್ನು ಎಲ್ಲರೂ ಕಂಡಿರುವರು. ಹೊರಬಿಟ್ಟ ಉಸಿರನ್ನು ತಣ್ಣನೆಯ ಕೊಳವೆಯ ಮೂಲಕ ಹಾಯಿಸಿದರೆ ಅದು ನೀರಾಗಿ ಇಳಿಯುವುದು. ಈ ನೀರಿನಲ್ಲಿ ಶ್ವಾಸಕೋಶದ ಒಳಗೋಡೆಯ ದ್ರವದ ಅತಿಸೂಕ್ಷ್ಮ ಹನಿಗಳೂ ಬೆರೆತಿರುವುವು. ಇಟಲಿ ದೇಶದ ಪಾರ್ಮಾ ನಗರದ ವಿಜ್ಞಾನಿಗಳು ಈ ಉಸಿರಿನ ನೀರಿನಲ್ಲಿ ಲೋಹಗಳನ್ನು ಅಳೆದರು. ಗಡುಸು ಲೋಹದ ಹತಾರುಗಳನ್ನು ಮಾಡುವ ಕೆಲಸಗಾರರ ಉಸಿರಿನಲ್ಲಿ ಕೋಬಾಲ್ಟ್ ಮತ್ತು ಟಂಗ್‌ಸ್ಟನ್ ಲೋಹಗಳನ್ನು ಗುರುತಿಸಿ 2004ರಲ್ಲಿ ಪ್ರಕಟಿಸಿದರು. ಸೂಜಿ ಚುಚ್ಚದೆ, ನೋವಿಲ್ಲದೆ, ಶ್ವಾಸಕೋಶದಿಂದಲೇ ನೇರವಾಗಿ ಸಾಕ್ಷ್ಯವನ್ನು ಪಡೆಯುವ ಮಾರ್ಗವಿದು. ಇದು ಹೆಚ್ಚಾಗಿ ಸಂಶೋಧನೆಯ ಸಾಧನವಾಗಿರುವುದೇ ಹೊರತು ಊರಿನ ಆಸ್ಪತ್ರೆಯಲ್ಲಿ ನಿತ್ಯವೂ ನಡೆಯುವ ಪರೀಕ್ಷೆಯಲ್ಲ.

ಮಾದರಿಯನ್ನು ಕೊಡುವಾಗ ಎಚ್ಚರ

1955ರಲ್ಲಿ ಆಸ್ಟ್ರೇಲಿಯಾದ ಅಲನ್ ವಾಲ್ಷ್ ಅವರು, ಉರಿಯಲ್ಲಿ ಆವಿಯಾದ ಲೋಹವು ಎಷ್ಟು ಬೆಳಕನ್ನು ಹೀರುವುದೆಂಬುದರಿಂದ ಅದರ ಪ್ರಮಾಣವನ್ನು ತಿಳಿಯುವ ವಿಧಾನವನ್ನು ಪ್ರಕಟಿಸಿದ ಮೇಲೆ, ಹತ್ತು ಲಕ್ಷದಲ್ಲಿ ಒಂದು ಭಾಗವನ್ನೂ ಅದಕ್ಕಿಂತ ಕಡಮೆಯನ್ನೂ ಅಳೆಯುವುದು ಸುಲಭವಾಯಿತು. ಆದರೆ ಅಳತೆಯು ಸೂಕ್ಷ್ಮವಾದಷ್ಟೂ ಹೊರಗಿನ ಕೊಳೆಯು ಬೆರೆಯುವ ಭಯವೂ ಹೆಚ್ಚು. ಬೆಳಿಗ್ಗೆ ಸಿಂಪಡಿಸಿ, ಅದೇ ಕೈ ಬಾಯಿಗಳಿಂದ ಮಧ್ಯಾಹ್ನ ಕಫವನ್ನು ಕೊಟ್ಟರೆ, ತುಟಿಯ ಮೇಲಿನ ತಾಮ್ರವೇ ಶ್ವಾಸಕೋಶದ ತಾಮ್ರವೆಂದು ಲೆಕ್ಕಕ್ಕೆ ಬಂದೀತು. ರಕ್ತವನ್ನು ತುಂಬುವ ಸೀಸೆಯ ರಬ್ಬರು ಬಿರಡೆಯಿಂದಲೂ ಸತುವು ಸೇರಬಲ್ಲದು. ರಕ್ತಕಣಗಳು ಒಡೆದರೆ ಅವುಗಳೊಳಗಿನ ಸತುವು ತಿಳಿಭಾಗಕ್ಕಿಳಿದು ತಪ್ಪು ಲೆಕ್ಕವನ್ನು ಕೊಡುವುದು. ಆದುದರಿಂದ ಪರೀಕ್ಷೆಗೆ ಹೋಗುವವರು ಸ್ನಾನಮಾಡಿ, ಬಟ್ಟೆ ಬದಲಿಸಿ, ಬಾಯನ್ನು ಚೆನ್ನಾಗಿ ಮುಕ್ಕಳಿಸಿ, ಎದೆಯಿಂದ ಬಂದ ಕಫವನ್ನೇ ಕೊಡತಕ್ಕದ್ದು.

ತೋಟದಲ್ಲಿ ಅನುಸರಿಸತಕ್ಕ ಕ್ರಮಗಳು

ಮೇಲೆ ಹೇಳಿದ ಪರೀಕ್ಷೆಗಳೆಲ್ಲವೂ ತಾಮ್ರವು ಒಳಸೇರಿದ ಮೇಲೆ ನಡೆಯತಕ್ಕವು. ಅದು ಸೇರದಂತೆ ನೋಡಿಕೊಳ್ಳುವುದು ತೋಟದಲ್ಲಿಯೇ ಆಗಬೇಕಾದ ಕೆಲಸ. ಫಸಲಿನ ಲಾಭವು ಯಜಮಾನನಿಗೆ, ತುಂತುರಿನ ಭಾಗವು ಕೆಲಸಗಾರನಿಗೆ ಎಂಬಂತಾಗಕೂಡದು. ರಕ್ಷಣೆಯ ಸಾಮಾನುಗಳನ್ನು ಒದಗಿಸುವುದು ಯಜಮಾನನ ಕರ್ತವ್ಯವೆಂದೇ ತಿಳಿಯತಕ್ಕದ್ದು. ಈ ಕೆಳಗಿನ ಕ್ರಮಗಳನ್ನು ತಪ್ಪದೆ ಪಾಲಿಸಬೇಕು.

1. ಮೈಲುತುತ್ತವನ್ನು ಪುಡಿಮಾಡುವಾಗಲೂ ಸುಣ್ಣವನ್ನು ಕದಡುವಾಗಲೂ ಮುಖವನ್ನು ಪಾತ್ರೆಯ ಮೇಲೆ ಬಾಗಿಸಬಾರದು. ಮೈಲುತುತ್ತವನ್ನು ಗೋಣಿಯ ತುಂಡಿನಲ್ಲಿ ಕಟ್ಟಿ ನೀರಿನಲ್ಲಿ ತೂಗುಬಿಟ್ಟು ಕರಗಿಸಿದರೆ ಧೂಳೇಳುವುದಿಲ್ಲ.

2. ದ್ರಾವಣವು ಸಮವಾಗಿದೆಯೇ ಎಂಬುದನ್ನು ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಬಂದರೆ ಸುಣ್ಣವು ಸಾಲದೆಂದರ್ಥ. ಇನ್ನಷ್ಟು ಸುಣ್ಣದ ತಿಳಿಯನ್ನು ಬೆರೆಸಬೇಕು. ಇದರಿಂದ ಗೊನೆಗೂ ಚರ್ಮಕ್ಕೂ ಹಿತವುಂಟು.

3. ಗಾಳಿಯನ್ನು ಬೆನ್ನಿಗೆ ಮಾಡಿಕೊಂಡು ಸಿಂಪಡಿಸಬೇಕು. ದೋಟಿಯಿಂದ ಹೊಡೆಯುವವರು ಮರದ ನೇರ ಕೆಳಗೆ ನಿಲ್ಲದೆ, ತುಂತುರು ಬೀಳುವ ಜಾಗವನ್ನು ಬಿಟ್ಟು ಓರೆಯಾಗಿ ನಿಲ್ಲಬೇಕು. ಬೇಕಾದುದಕ್ಕಿಂತ ಹೆಚ್ಚಿನ ಒತ್ತಡವನ್ನು ಕೊಡಬಾರದು.

4. ಮುಖಕ್ಕೆ ಸುತ್ತಿದ ಟುವಾಲು ದಪ್ಪ ಹನಿಯನ್ನು ತಡೆಯುವುದೇ ಹೊರತು ಸೂಕ್ಷ್ಮ ಹನಿಯನ್ನಲ್ಲ. ಕಣಗಳನ್ನು ಸೋಸುವ ಮುಖಗವಸನ್ನು ಮುಖಕ್ಕೆ ಬಿಗಿಯಾಗಿ ಧರಿಸಬೇಕು. ಅದು ಮಳೆಯಲ್ಲಿ ನೆನೆದರೆ ಬದಲಿಸಬೇಕು. ಕಣ್ಣಿಗೆ ಕನ್ನಡಕವೂ ಅಗತ್ಯ.

5. ಕೈಬಾಯಿಗಳನ್ನು ಸಾಬೂನಿನಿಂದ ತೊಳೆಯದೆ ಎಲೆಯಡಕೆಯನ್ನು ಹಾಕಬಾರದು, ಬೀಡಿಯನ್ನು ಮುಟ್ಟಬಾರದು. ಕೆಲಸದ ಬಟ್ಟೆಗಳನ್ನು ಮನೆಯವರ ಬಟ್ಟೆಗಳೊಡನೆ ಒಗೆಯಬಾರದು.

6. ಒಬ್ಬನೇ ಮನುಷ್ಯನು ಹಂಗಾಮಿನ ಉದ್ದಕ್ಕೂ ಸಿಂಪಡಿಸುವುದರ ಬದಲು, ಸಾಧ್ಯವಾದಲ್ಲಿ ಸರದಿಯ ಮೇಲೆ ಕೆಲಸವನ್ನು ಹಂಚಬೇಕು.

7. ಎರಡು ವಾರಗಳಿಗಿಂತ ಹೆಚ್ಚು ಕಾಲ ಕೆಮ್ಮು ಬಿಡದಿದ್ದರೆ, ಏದುಸಿರು ಅಥವಾ ತೂಕದ ಇಳಿತ ಕಂಡರೆ, ತಡಮಾಡದೆ ಸರಕಾರದ ಆಸ್ಪತ್ರೆಗೆ ಹೋಗಿ ಮೊದಲು ಕ್ಷಯದ ಕಫಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಅದೇ ಭೇಟಿಯಲ್ಲಿ, ಎಷ್ಟು ವರ್ಷಗಳಿಂದ, ವರ್ಷಕ್ಕೆ ಎಷ್ಟು ದಿನ, ಯಾವ ದ್ರಾವಣವನ್ನು ಸಿಂಪಡಿಸುತ್ತಿರುವೆನೆಂಬುದನ್ನು ವೈದ್ಯರಿಗೆ ತಿಳಿಸಬೇಕು.

ಕೊನೆಯ ಈ ಮಾತನ್ನು ವಿಶೇಷವಾಗಿ ನೆನಪಿಡತಕ್ಕದ್ದು. ಕಫದ ತಾಮ್ರವು ಕೆಲಸದ ಕಥೆಯನ್ನು ಹೇಳುವುದು. ರಕ್ತದ ತಾಮ್ರವು ದೇಹದ ಹೋರಾಟದ ಕಥೆಯನ್ನು ಹೇಳುವುದು. ಎರಡನ್ನೂ ಬೇರೆ ಬೇರೆಯಾಗಿ ಅರ್ಥಮಾಡಿಕೊಳ್ಳಲು ವೈದ್ಯರಿಗೆ ಬೇಕಾದ ಕೀಲಿಯು ರೋಗಿಯ ಬಾಯಲ್ಲಿಯೇ ಇರುವುದು. ಗೊನೆಯನ್ನು ಕೊಳೆಯಿಂದ ಕಾಪಾಡುವ ಕೈಗಳು ತಮ್ಮ ಉಸಿರನ್ನೂ ಕಾಪಾಡಿಕೊಂಡಲ್ಲಿ ಮಾತ್ರ ತೋಟದ ಲಾಭವು ನಿಜವಾದ ಲಾಭವೆನಿಸುವುದು.